ಅಪಾಸ್ಟ್ರಫಿ ಮೇಷ್ಟ್ರು

ಲಗ್ನಪತ್ರಿಕೆ ಮಾಡಿಸಲು ತುಮಕೂರಿನ ಯಾವ ಪ್ರೆಸ್ಸಿಗೆ ಹೋದರೂ ಮೂಲೆಯ ಸ್ಟೂಲಿನ ಮೇಲೆ ಇವರು ಸಿಗುತ್ತಾರೆ. ಊರು ಗುಬ್ಬಿ. ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಮೇಷ್ಟ್ರಿಗೆ ಪೆನ್ಷನ್ ಬಂತು, ಕೆಂಪು ಪೆನ್ನಿಗೆ ಬರಲಿಲ್ಲ. ನಿಮ್ಮ ಕೈಲಿರುವ ಕಾರ್ಡನ್ನು ಕೇಳದೆಯೇ ಎಳೆದುಕೊಂಡು, ವಧು ಯಾರು ವರ ಯಾರು ಎಂದೂ ನೋಡದೆ ನೇರ ಕೊನೆಯ ಸಾಲಿಗೆ ಇಳಿಯುತ್ತಾರೆ. ‘ಯುವರ್ಸ್’ ಎಂಬಲ್ಲಿ ಎಸ್ಸಿನ ಹಿಂದೆ ಗೀರು ಕಂಡರೆ ಮುಗಿಯಿತು.

“ಹಿಸ್, ಹರ್ಸ್, ಯುವರ್ಸ್, ಯಾವುದಕ್ಕೂ ಅಪಾಸ್ಟ್ರಫಿ ಇಲ್ಲಪ್ಪ! ನಿಮ್ಮದು ಅಂದಮೇಲೆ ನಿಮ್ಮದೇ ಆಯ್ತು, ಅದಕ್ಕೆ ಮೇಲೊಂದು ಮೊಳೆ ಹೊಡೀಬೇಕಾ?”

ಮನೆಯಲ್ಲಿ ರೆನ್ ಮತ್ತು ಮಾರ್ಟಿನ್ ವ್ಯಾಕರಣಕ್ಕೆ ವಸ್ತ್ರದ ಹೊದಿಕೆ. ಸರಸ್ವತಿ ಪೂಜೆಯ ದಿನ ಮೊದಲ ಕುಂಕುಮ ಅದಕ್ಕೇ. 1930ರ ದಶಕದಲ್ಲಿ ಬಂದ ಆ ಪುಸ್ತಕ ತಯಾರಾದದ್ದು ಇಲ್ಲಿದ್ದ ಬಿಳಿ ಅಧಿಕಾರಿಗಳ ಮಕ್ಕಳಿಗೆ. ಮಕ್ಕಳು ಹಡಗು ಹತ್ತಿ ಹೋದರು, ಪುಸ್ತಕ ಗುಬ್ಬಿಯಲ್ಲಿ ಉಳಿಯಿತು.

“1884 ನಮ್ಮ ಜಿಲ್ಲೆಗೆ ಒಳ್ಳೇ ವರ್ಷ ಕಣಯ್ಯ,” ಎನ್ನುತ್ತಾರೆ. “ಗುಬ್ಬಿ ನಾಟಕ ಕಂಪನಿ ಹುಟ್ಟಿತು, ಸಂಪಿಗೆಯಲ್ಲಿ ಬಿ.ಎಂ.ಶ್ರೀ. ಹುಟ್ಟಿದರು. ಇಂಗ್ಲಿಷ್ ಪ್ರೊಫೆಸರು!” ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಕೊಟ್ಟು ಇಂಗ್ಲಿಷಿನ ಕವಿತೆಗಳನ್ನು ಕನ್ನಡಕ್ಕೆ ತಂದವರು. ನಮ್ಮ ಮೇಷ್ಟ್ರು ಹಿಡಿಯುವುದು ಕನ್ನಡದಿಂದ ಇಂಗ್ಲಿಷಿಗೆ ಕದ್ದು ನುಗ್ಗಿದ ಪ್ರಯೋಗಗಳನ್ನು. ಕನ್ನಡದಲ್ಲಿ ಒಂದು ವಿಷಯದ ‘ಬಗ್ಗೆ’ ಚರ್ಚಿಸುವ ನಾವು ಇಂಗ್ಲಿಷಿನಲ್ಲೂ ‘ಡಿಸ್ಕಸ್ ಅಬೌಟ್’ ಎನ್ನುತ್ತೇವೆ. ಅವರು ‘ಅಬೌಟ್’ ಹೊಡೆದುಹಾಕುತ್ತಾರೆ. ಅಪ್ಪ ನಮಗೆ ‘ಅವರು’, ಹಾಗಾಗಿ ಇಂಗ್ಲಿಷಿನಲ್ಲೂ ‘ದೇ’. “ಅಪ್ಪ ಒಬ್ಬರೇ ತಾನೇ? ‘ಹೀ’ ಅನ್ನು, ಬೇಜಾರು ಮಾಡ್ಕೊಳಲ್ಲ.” ಯಾರಾದರೂ ‘ಐ ಆಮ್ ಹ್ಯಾವಿಂಗ್ ಟೂ ಸನ್ಸ್’ ಎಂದರೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ: “ಮಕ್ಕಳೇನು ಊಟವೇನ್ರೀ, ಹ್ಯಾವಿಂಗ್ ಅನ್ನೋಕೆ? ‘ಐ ಹ್ಯಾವ್’ ಅನ್ನಿ!”

ಪಾಠ ಒಳ್ಳೆಯದೇ, ಸುಳ್ಳಲ್ಲ. ಆದರೆ ಕೇಳದವರಿಗೇ ಮಾಡುತ್ತಾರೆ.

ಒಮ್ಮೆ ಕುಣಿಗಲ್ ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದೆ. ಕಂಡಕ್ಟರ್ ‘ಹೋಲ್ಡಾನ್!’ ಎಂದ. ಬಸ್ಸು ನಿಂತಿತು.

“ಹೋಲ್ಡ್ ಆನ್ ಅಂದ್ರೆ ಗಟ್ಟಿಯಾಗಿ ಹಿಡ್ಕೋ, ಇಲ್ಲ ಸ್ವಲ್ಪ ತಾಳು ಅಂತ, ಬಸ್ಸು ನಿಲ್ಲಿಸು ಅಂತಲ್ಲ. ಸ್ಟಾಪ್ ಅನ್ನಬೇಕು,” ಎಂದರು ಮೇಷ್ಟ್ರು.

“ಡ್ರೈವರ್‌ಗೆ ಗೊತ್ತಾಯ್ತಲ್ಲ ಸಾ.”

“ಗೊತ್ತಾಗೋದು ಬೇರೆ, ಸರಿಯಾಗಿರೋದು ಬೇರೆ.”

“ಇಳಿಯೋದಿದ್ರೆ ಇಳೀರಿ ಸಾ. ರೈಟ್!”

ಬಸ್ಸು ಬಲಕ್ಕೆ ತಿರುಗಲಿಲ್ಲ, ನೇರವಾಗಿಯೇ ಹೋಯಿತು. ಕುಣಿಗಲ್ ಕೆರೆ ಕಾಣುವವರೆಗೂ ಮೇಷ್ಟ್ರು ತುಟಿ ಬಿಚ್ಚಲಿಲ್ಲ.

ಮೊನ್ನೆ ಪ್ರೆಸ್ಸಿಗೆ ಒಂದು ಹಾಳೆ ತಂದರು. ತಮ್ಮದೇ ಸಾವಿನ ಕಾರ್ಡು, ಇಂಗ್ಲಿಷಿನಲ್ಲಿ. ಈ ವಿಷಯದಲ್ಲಿ ಮಕ್ಕಳನ್ನು ನಂಬುವ ಹಾಗಿಲ್ಲವಂತೆ.

“ನೋಡು, ತಾರೀಖು ಹಾಕಿದರೆ ಬರೀ ‘ಪಾಸ್ಡ್ ಅವೇ’. ತಾರೀಖಿಲ್ಲದಿದ್ದರೆ ‘ಹ್ಯಾಸ್ ಪಾಸ್ಡ್ ಅವೇ’ ನಡೆಯುತ್ತೆ. ತಾರೀಖು, ಹ್ಯಾಸ್ ಎರಡೂ ಒಟ್ಟಿಗೆ ಹಾಕಿದೆಯೋ, ಎದ್ದು ಬರ್ತೀನಿ.”

ಪ್ರೆಸ್ಸಿನವನು ತಲೆ ಕೆರೆದುಕೊಂಡ. “ಮೇಷ್ಟ್ರೇ, ನಮ್ಮ ಕಡೆ ‘ಶಿವಾಧೀನರಾದರು’ ಅಂತ ಹಾಕ್ತೀವಿ. ತಾರೀಖು ಇದ್ರೂ ಅದೇ, ಇಲ್ದಿದ್ರೂ ಅದೇ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಎರಡು ಸಲ ಬಾಯಲ್ಲೇ ಹೇಳಿಕೊಂಡರು. “ಸರಿಯಾಗೇ ಇದೆ. ಆದರೆ ಪ್ರೂಫು ನನಗೇ ತೋರಿಸು.”

ಹಾಳೆ ಈಗಲೂ ಪ್ರೆಸ್ಸಿನ ಡ್ರಾಯರಿನಲ್ಲಿದೆ. ತಾರೀಖಿನ ಜಾಗ ಖಾಲಿ.