ಪರ್ಮಿಟ್ ಇಲ್ಲದ ದೋಣಿ, ಖಾತೆ ಇರುವ ಹೊಳೆ

2022ರ ಸೆಪ್ಟೆಂಬರ್ ಮೊದಲ ವಾರ ನಮ್ಮ ಚಿತ್ರದುರ್ಗ ಜಿಲ್ಲೆಯವರನ್ನು ಹಿಡಿಯುವವರೇ ಇರಲಿಲ್ಲ. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜನ ಬೈಕು, ಆಟೊ, ಸಿಕ್ಕಿದ ಗಾಡಿ ಹತ್ತಿ ಅದರ ಅಣೆಕಟ್ಟಿರುವ ಮಾರಿಕಣಿವೆಗೆ ಹೊರಟರು. ಎಂಬತ್ತೊಂಬತ್ತು ವರ್ಷ ಕಾದು ಪಡೆದ ಈ ಸುದ್ದಿಯನ್ನು ಬೆಂಗಳೂರು ಮೂರೇ ದಿನದಲ್ಲಿ ನುಂಗಿ ನೀರು ಕುಡಿಯಿತು. ಯಮಲೂರಿನಲ್ಲಿ ದೋಣಿ, ರೇನ್‌ಬೋ ಡ್ರೈವ್ ಲೇಔಟಿನಲ್ಲಿ ಟ್ರ್ಯಾಕ್ಟರ್! ನಮಗೆ ನೂರಮೂವತ್ತು ಅಡಿ ತುಂಬಿದರಷ್ಟೇ ಸಂಭ್ರಮ. ಅವರಿಗೆ ಒಂದು ರಾತ್ರಿಯ ಮಳೆಗೆ ಮನೆಬಾಗಿಲಲ್ಲೇ ಜಲಾಶಯ.

ಸಾಫ್ಟ್‌ವೇರ್ ಮಂದಿ ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಟ್ರೇಲರ್ ಹತ್ತಿದರು. ತಲೆಗೆ ಐವತ್ತು ರೂಪಾಯಿ ಎಂದು ಪತ್ರಿಕೆಗಳು ಬರೆದವು. ಅವರು ನಗುತ್ತಿದ್ದ ಫೋಟೊಗಳೂ ಬಂದವು. ತೇರುಮಲ್ಲೇಶ್ವರನ ತೇರಿಗೆಂದು ಇದೇ ರೀತಿ ಟ್ರೇಲರ್‌ನಲ್ಲಿ ಕೂತು ಹಿರಿಯೂರಿಗೆ ಹೊರಟವರನ್ನು ಕೇಳಿ ನೋಡಿ. ದಾರಿಯಲ್ಲಿ ಪೇದೆ ಕೈ ಅಡ್ಡ ಹಾಕುತ್ತಾನೆ. “ಏನಪ್ಪಾ, ಇದೇನು ಬಸ್ಸಾ? ಗೊಬ್ಬರ ತುಂಬೋ ಗಾಡೀಲಿ ಜನ ತುಂಬ್ತೀಯಾ?” ನ್ಯಾಯವಾದ ಪ್ರಶ್ನೆಯೇ. ಮೋಟಾರು ವಾಹನ ಕಾಯ್ದೆ ಟ್ರೇಲರ್‌ನಲ್ಲಿ ಬಾಡಿಗೆ ಪ್ರಯಾಣಿಕರನ್ನು ಸಾಗಿಸಲು ಒಪ್ಪುವುದಿಲ್ಲ. ಆದರೆ ಗೊಬ್ಬರದ ಜಾಗದಲ್ಲಿ ಕಂಪನಿಯ ಗುರುತಿನ ಚೀಟಿ ಕೂತರೆ ಅದು ಅಕ್ರಮವಲ್ಲ, ನಗರದ ಸ್ಫೂರ್ತಿ.

ದೋಣಿಯ ವಿಷಯದಲ್ಲೂ ಕಾಯ್ದೆಗೇನೂ ಬರಗಾಲವಿಲ್ಲ. ಒಳನಾಡು ಹಡಗು ಕಾಯ್ದೆ 2021ರಲ್ಲಿ ಹೊಸದಾಗಿ ಬಂತು. 1917ರ ಹಳೆಯದು ಮನೆಗೆ ಹೋಯಿತು. ಯಂತ್ರದ ದೋಣಿಗೆ ಸರ್ವೇ ಬೇಕು, ನೋಂದಣಿ ಬೇಕು. ಮೋಟಾರಿಲ್ಲದ ತೆಪ್ಪಕ್ಕೂ ಸ್ಥಳೀಯ ಮಟ್ಟದಲ್ಲಿ ಲೆಕ್ಕವಿಡಬೇಕೆಂದು ಅದರಲ್ಲಿದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ ಹದಿನಾರು ಜನ ಹೋದರು. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಇಪ್ಪತ್ತೆರಡು ಮಂದಿ. ಅಲ್ಲಿ ಓಡಿದ್ದು ಮೀನು ಹಿಡಿಯುವ ದೋಣಿಗೆ ಮಾಳಿಗೆ ಕಟ್ಟಿ ಮಾಡಿದ ವಿಹಾರನೌಕೆ. ಹಾಡಹಗಲೇ ಟಿಕೆಟ್ ಹರಿದು ಓಡುತ್ತಿದ್ದ ಅದರ ವಿಷಯದಲ್ಲಿ ಇಲಾಖೆ ಎಚ್ಚೆತ್ತದ್ದು ಮಗುಚಿದ ಮೇಲೆ.

ಅಂಥ ದೋಣಿಯವನನ್ನು ಹಿಡಿಯಲೇಬೇಕು, ತಕರಾರಿಲ್ಲ. ಬೆಂಗಳೂರಿನ ತಮಾಷೆ ಬೇರೆ. ಅಲ್ಲಿ ದೋಣಿಗಿಂತ ಮೊದಲು ನಿಲ್ಲಿಸಬೇಕಾಗಿದ್ದದ್ದು ಹೊಳೆಯ ಮೇಲೆ ಕೂತ ಮನೆಯನ್ನು. ರಾಜಕಾಲುವೆಯ ಮೇಲೆ ಸೈಟು, ಸೈಟಿಗೆ ಖಾತೆ, ಖಾತೆಗೆ ಸಾಲ, ಸಾಲಕ್ಕೆ ಗೃಹಪ್ರವೇಶ. ಇಷ್ಟು ಮೇಜು ದಾಟಿದ ಕಡತದಲ್ಲಿ ಒಬ್ಬ ಅಧಿಕಾರಿಗೂ ನೀರು ಕಾಣಲಿಲ್ಲ. ಪ್ರವಾಹ ಇಳಿಯುತ್ತಲೇ ಬಿಬಿಎಂಪಿಯ ಜೆಸಿಬಿ ಮಹದೇವಪುರಕ್ಕೆ ಬಂತು. ಕೆಲವು ಕಾಂಪೌಂಡ್ ಕೆಡವಿತು, ಟಿವಿಯಲ್ಲಿ ಕಾಣಿಸಿಕೊಂಡಿತು. ಆಮೇಲೆ ಮರುಸರ್ವೇ, ತಡೆಯಾಜ್ಞೆ, ಎಂದಿನಂತೆ.

ದುರ್ಗದವರಿಗೆ ಇದು ಸೋಜಿಗ. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಹೊಂಡಗಳಿಗೆ ನೀರು ಇಳಿಯುವಂತೆ ಪಾಳೆಯಗಾರರ ಕಾಲದವರು ದಾರಿ ಬಿಟ್ಟಿದ್ದರು. ಪಾಪ, ಅವರಿಗೆ ಬಿ-ಖಾತಾ ಗೊತ್ತಿರಲಿಲ್ಲ.

ನಮ್ಮಲ್ಲೂ ಜಗಳ ಇಲ್ಲದಿಲ್ಲ. ಅದೇ ವಾಣಿವಿಲಾಸದ ನೀರಿಗೆ ಹಿರಿಯೂರಿನವರು ಬಾಗಿನ ಕೊಡುತ್ತಾರೆ, ಹೊಸದುರ್ಗದ ಹಿನ್ನೀರಿನವರು ಮನವಿ ಪತ್ರ ಕೊಡುತ್ತಾರೆ. ತೋಟ ಮುಳುಗಿದವರು ಕೋಡಿಯ ಎತ್ತರ ತಗ್ಗಿಸಿ ಎಂದರೆ, ಕೆಳಗಿನ ರೈತರು ಒಂದಿಂಚೂ ಬೇಡ ಎನ್ನುತ್ತಾರೆ. ಮುಳುಗಿದ ತೋಟದ ಮೇಲೆ ತೆಪ್ಪ ಹಾಕಿ ತನ್ನದೇ ತೆಂಗಿನಕಾಯಿ ತರಲು ಹೊರಟ ಮುದುಕನಿಗೆ ನಾಳೆ ಯಾರಾದರೂ ಲೈಫ್ ಜಾಕೆಟ್ ಎಲ್ಲಿ ಎಂದು ಕೇಳಿದರೆ ನನಗೆ ಆಶ್ಚರ್ಯವಿಲ್ಲ. ಅವನ ಹಿಂದೆ ಬಿಲ್ಡರ್ ಇಲ್ಲ, ವಕೀಲನಿಲ್ಲ, ಹಿಡಿಯುವುದು ಸಲೀಸು.

ಬೆಂಗಳೂರಿಗೆ ನನ್ನದೊಂದು ಸಲಹೆ. ಕಟ್ಟಡಗಳ ಅಕ್ರಮ-ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಬೇಸರದಲ್ಲಿರುವ ಸರ್ಕಾರ, ದೋಣಿಗಳಿಗಾದರೂ ಅದನ್ನು ತರಲಿ. ಅರ್ಜಿಯಲ್ಲಿ ಮೂರೇ ಕಾಲಂ ಸಾಕು: ದೋಣಿ ಎಷ್ಟು ಉದ್ದ, ಎಷ್ಟು ಜನ ಹಿಡಿಯುತ್ತಾರೆ, ಯಾವ ಕ್ರಾಸಿನಿಂದ ಯಾವ ಕ್ರಾಸಿನವರೆಗೆ ಓಡುತ್ತದೆ. ನೀರಿನ ಮೂಲ ಕೇಳುವ ಕಾಲಂ ಮಾತ್ರ ಬೇಡ. ತುಂಬಿಸಲು ಹೋದರೆ ಅರ್ಜಿ ತೆಗೆದುಕೊಳ್ಳುವ ಕಚೇರಿಯ ವಿಳಾಸವೇ ಬಂದೀತು.