ನನ್ನ ಫೋಟೋ ಬ್ಯಾಡ, ಲೆಕ್ಕ ಬರ್ಕೊಳ್ರಿ: ಅತ್ತಿವೇರಿಯ ನೀರುಕಾಗೆಯ ಸಂದರ್ಶನ

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಪಕ್ಷಿಧಾಮ ಒಂದು ಜಲಾಶಯವನ್ನು ನೆಚ್ಚಿಕೊಂಡ 2.23 ಚದರ ಕಿಲೋಮೀಟರಿನ ಪುಟ್ಟ ಜಾಗ. ಚಳಿ ಬಿತ್ತೆಂದರೆ ಉದ್ದನೆಯ ಲೆನ್ಸು ಹೊತ್ತವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಂದ ಇತ್ತ ಹೊರಡುತ್ತಾರೆ. ಚಮಚದ ಕೊಕ್ಕಿನ ಹಕ್ಕಿ, ಮಿಂಚುಳ್ಳಿಗಳ ಭಾವಚಿತ್ರಗಳಿಗೆ ನಾಡಿನಲ್ಲಿ ಬರವಿಲ್ಲ. ನೀರಿನ ನಡುವಿನ ಒಣ ಬೊಡ್ಡೆಯ ಮೇಲೆ ಕೂತ ನೀರುಕಾಗೆಯ ಮುಂದೆ ಮಾತ್ರ ಯಾರೂ ಮೈಕು ಹಿಡಿದಂತಿಲ್ಲ. ನಮ್ಮ ಪ್ರತಿನಿಧಿ ಹಿಡಿದರು. ಅದರ ಉತ್ತರಗಳನ್ನು ಅದರ ಸೀಮೆಯ ಮಾತಿನಲ್ಲೇ ಕೊಟ್ಟಿದ್ದೇವೆ.

ಪ್ರಶ್ನೆ: ನಮಸ್ಕಾರ. ಕೆಲಸದ ನಡುವೆ ತೊಂದರೆ ಕೊಟ್ಟೆವೇನೋ?

ನೀರುಕಾಗೆ: ಇಲ್ರಿ, ಬರ್ರಿ. ಆದ್ರ ಮೊದಲ ಒಂದು ಮಾತು ಹೇಳಿಬಿಡ್ರಿ. ನೀವು ನನ್ನ ನೋಡಾಕ ಹತ್ತೀರೋ, ನನ್ನ ಹಿಂದ ಯಾವುದಾರ ಚಲೋ ಹಕ್ಕಿ ಬಂದು ಕುಂತೈತೋ?

ಪ್ರಶ್ನೆ: ನಿಮ್ಮನ್ನೇ ಕಾಣಲು ಬಂದದ್ದು.

ನೀರುಕಾಗೆ: ಹಂಗಾರ ಇದು ಹೊಸಾದು. ಇಲ್ಲಿ ತನಕ ನನ್ನ ಫೋಟೋ ತಗದವರೆಲ್ಲಾ ಬೆಳಕು ಸರಿ ಐತೇನು ಅಂತ ನೋಡಾಕ ತಗದವರು. ಚಮಚದ ಕೊಕ್ಕು ಬಂದು ಇಳೀತು ಅಂದ್ರ ಕಾರ್ಡಿನ್ಯಾಗ ಜಾಗ ಮಾಡಾಕ ಮೊದಲ ಅಳಸೂದು ನನ್ನನ್ನ.

ಪ್ರಶ್ನೆ: ಆದರೂ ನೀವು ರೆಕ್ಕೆ ಹರಡಿ ಪೋಸು ಕೊಡುವುದನ್ನು ಬಿಟ್ಟಿಲ್ಲವಲ್ಲ?

ನೀರುಕಾಗೆ: ಪೋಸ್ ಅಲ್ರಿ ಸಾಹೇಬ್ರ, ಹೊಟ್ಟೀಪಾಡು. ಬಾತುಕೋಳಿ ಪುಕ್ಕದ ಮ್ಯಾಲ ನೀರು ನಿಲ್ಲೂದಿಲ್ಲ. ನನ್ನ ಪುಕ್ಕದ ಹೊರಗಿನ ಭಾಗ ನೀರು ಕುಡೀತೈತಿ. ಅದಕ್ಕ ಮೈ ತೇಲೂದು ಕಡಿಮಿ ಆಗಿ, ಮೀನಿನ ಹಿಂದ ಸರಸರ ಮುಳಗಾಕ ಬರ್ತೈತಿ. ಮ್ಯಾಲ ಬಂದ ಕೂಡಲೇ ಒಗೆದ ಧೋತರ ಹರವಿದಂಗ ರೆಕ್ಕಿ ಹರವಬೇಕು. ಹೋದ ವಾರ ಒಬ್ಬರು ಇದನ್ನ ನೋಡಿ, 'ಸೂರ್ಯನಿಗೆ ನಮಸ್ಕಾರ' ಅಂತ ಬರದು ಹಾಕ್ಕೊಂಡ್ರು. ಸೂರ್ಯನ ಮ್ಯಾಲ ಭಕ್ತಿ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಅವತ್ತು ನಾ ಬರೀ ತೊಯ್ದಿದ್ದೆ.

ಪ್ರಶ್ನೆ: ಛಾಯಾಗ್ರಾಹಕರ ದಿನಚರಿ ಹೇಗಿರುತ್ತದೆ? ನೀವು ದಿನವೂ ನೋಡುತ್ತೀರಿ.

ನೀರುಕಾಗೆ: ಮೈತುಂಬ ಎಲಿಬಣ್ಣದ ಜಾಕೀಟು. ಹಕ್ಕಿಗೆ ಕಾಣಬಾರದಂತ. ಆದ್ರ ಕಿಸೆದಾಗಿನ ಫೋನು ಹೊಡಕೊಂಡ್ರ ದಂಡಿ ಮ್ಯಾಗಿನ ಬೆಳ್ಳಕ್ಕಿ ಎಲ್ಲಾ ಎದ್ದು ಹೋಗ್ತಾವ. ಹತ್ತು ಲಕ್ಷ ದಾಟಿದ ಲೆನ್ಸು, ಸೆಕೆಂಡಿಗೆ ಇಪ್ಪತ್ತು ಮೂವತ್ತು ಫೋಟೋ ಹೊಡಿಯೋ ಕ್ಯಾಮೆರಾ. ಬಂದವರು ಮೊದಲ ಕೇಳೂದು, 'ಲೈಫರ್ ಏನೈತಿ ಇಲ್ಲಿ?' ಅಂತ. ಅಂದ್ರ ಜೀವಮಾನದಾಗ ಅವರು ಇನ್ನೂ ನೋಡದ ಹಕ್ಕಿ. ನೋಡಿದ ಹಕ್ಕಿ ಅವರ ಲೆಕ್ಕದಾಗ ತೀರಿಹೋದಂಗ. ಹನ್ನೊಂದು ಗಂಟೆಗೆ ಬಿಸಿಲು ಗಟ್ಟಿ ಆತು ಅಂತ ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಮೊಮೊ ತಿನ್ನಾಕ ಹೋಗ್ತಾರ.

ಪ್ರಶ್ನೆ: ನಿಮ್ಮನ್ನು ಗುರುತಿಸುವುದಾದರೂ ಸರಿಯಾಗಿ ಗುರುತಿಸುತ್ತಾರಲ್ಲ?

ನೀರುಕಾಗೆ: (ಕೊಕ್ಕು ತೆರೆದು ನಗುತ್ತದೆ) ನಮ್ಮೊಳಗ ಮೂರು ಮನಿತನ ಅದಾವ್ರಿ. ನಾ ಪುಟ್ಟ ನೀರುಕಾಗೆ, ಗಿಡ್ಡ ಕೊಕ್ಕಿನಾವ. ಇನ್ನೊಂದು ಸಪೂರ ಮೈಯಿಂದು, ಉದ್ದ ಕೊಕ್ಕು, ಕಣ್ಣು ನೀಲಿ-ಹಸಿರು. ಮೂರನೇದು ದೊಡ್ಡ ನೀರುಕಾಗೆ, ಮರಿ ಮಾಡೋ ಕಾಲದಾಗ ತೊಡಿ ಮ್ಯಾಲ ಬಿಳಿ ಮಚ್ಚಿ ಬರ್ತೈತಿ. ಹಾವಿನಂಥ ಕುತ್ತಿಗಿಯ ಹಾವಕ್ಕಿ ಬ್ಯಾರೇನ ಐತಿ. ನಾಕೂ ಒಂದೇ ಬೊಡ್ಡಿ ಮ್ಯಾಲ ಕುಂತ್ರ ಬಂದವರು ಬರಿಯೂದು 'ಕರೀ ಹಕ್ಕಿ, ನಾಕು.' ಕಣ್ಣಿನ ಬಣ್ಣ ತೋರಸೋ ಲೆನ್ಸು ತಂದಿರ್ತಾರ, ಕಣ್ಣು ನೋಡೂದ ಮರತಿರ್ತಾರ.

ಪ್ರಶ್ನೆ: ದಾಂಡೇಲಿಯ ಮಂಗಟ್ಟೆಗಳ ಮೇಲೆ ಹೊಟ್ಟೆಕಿಚ್ಚಿದೆಯೇ?

ನೀರುಕಾಗೆ: ಮೊದಲ ಇತ್ರಿ. 2011ರಾಗ ಅವುಗಳ ಹೆಸರಿಲೇ ಸಂರಕ್ಷಣಾ ಮೀಸಲು ಪ್ರದೇಶ ಆತು, 2018ರಾಗ ಹಬ್ಬನೂ ಮಾಡಿದ್ರು. ನಾಕು ಜಾತಿ ಮಂಗಟ್ಟಿ ಅದಾವ ಅಲ್ಲೆ. ಆಮ್ಯಾಲ ಅವುಗಳ ಪಾಡು ಕೇಳಿ ಕಿಚ್ಚು ಆರಿತು. ಹೆಣ್ಣು ಪೊಟರಿ ಒಳಗ ಹೊಕ್ಕು ಬಾಗಲಾ ಮುಚ್ಕೊಂತೈತಿ, ಕೊಕ್ಕು ಹೊರಗ ಹಾಕೋವಷ್ಟು ಸೀಳು ಬಿಟ್ಟು. ಗಂಡು ಹಣ್ಣು ತಂದು ಕೊಡಬೇಕು. ಆ ಮರದ ಬುಡಕ ಹತ್ತು ಮಂದಿ ಟ್ರೈಪಾಡ್ ಊರಿದ್ರ ಗಂಡು ದೂರದ ಮರದಾಗ ಕುಂತು ಕಾಯ್ತೈತಿ. ಅಲ್ಲೀ ತನಕ ಒಳಗಿನವರು ಉಪವಾಸ. ಫೋಟೋದ ಕೆಳಗ 'ತಾಯಿಯ ತ್ಯಾಗ' ಅಂತ ಬರೀತಾರ. ಉಪವಾಸ ಕೆಡವಿದವರು ಯಾರು ಅಂತ ಬರಿಯಂಗಿಲ್ಲ.

ಪ್ರಶ್ನೆ: ಜೋಯಿಡಾ ಕಡೆ ಗಣೇಶಗುಡಿಯಲ್ಲಿ ಹಕ್ಕಿಗಳಿಗೆ ಸ್ನಾನದ ತೊಟ್ಟಿಗಳೇ ಇವೆಯಂತೆ?

ನೀರುಕಾಗೆ: ಓಲ್ಡ್ ಮ್ಯಾಗಜಿನ್ ಹೌಸ್ ಅಂತ. ಸೂಪಾ ಅಣೆಕಟ್ಟು ಕಟ್ಟೋ ಕಾಲಕ್ಕ ಸಿಡಿಮದ್ದು ಇಟ್ಟ ಮನಿ ಅದು. ಈಗ ಅಲ್ಲೆ ಸಿಡಿಯೂದು ಬರೀ ಶಟರ್. ಆದ್ರ ಅಲ್ಲೆ ಮಂದಿ ಒಂದ ಕಡೆ ಸುಮ್ಮನ ಕುಂತಿರ್ತಾರ, ಹಕ್ಕಿ ತಾನಾಗಿ ಬರ್ತೈತಿ. ಹಕ್ಕಿ ಬೆನ್ನು ಹತ್ತಿ ಪೊದಿ ಪೊದಿ ತುಳಿಯೋದಕ್ಕಿಂತ ಅದು ಎಷ್ಟೋ ಪಾಡು. ನನಗ ಭಯ ಯಾರದಂದ್ರ, ಫೋನಿನ್ಯಾಗ ಹಕ್ಕಿ ದನಿ ಹಾಕಿ ಕರಿಯಾವರದು. ಗಂಡು ಹಕ್ಕಿ ತನ್ನ ಹದ್ದಿನೊಳಗ ವೈರಿ ಬಂದ ಅಂತ ತಿನ್ನೂದು ಬಿಟ್ಟು ಓಡಿ ಬರ್ತೈತಿ. ನೋಡಿದ್ರ ವೈರಿ ಅಲ್ಲೆ ಇಲ್ಲ, ಬ್ಯಾಟರಿ ಐತಿ.

ಪ್ರಶ್ನೆ: ದೂರದಿಂದ ಬರುವ ವಲಸೆ ಹಕ್ಕಿಗಳಿಗೆ ಸಿಗುವ ಮರ್ಯಾದೆ ನಿಮಗಿಲ್ಲ ಎಂಬ ಕೊರಗೇ?

ನೀರುಕಾಗೆ: ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಗದಗ ಜಿಲ್ಲಾದ ಮಾಗಡಿ ಕೆರಿಗೆ ಬರ್ತೈತಿ. ಅದಕ್ಕ ಮರ್ಯಾದಿ ಮಾಡ್ರಿ, ಮಾಡಬೇಕು. ಆದ್ರ ಹಳಿಯಾಳದ ಯಾವುದಾರ ಊರಿನ ಕೆರಿಯಾಗ ನಮ್ಮ ಕುಲದವರು ದಿನಾ ಮುಳಗಿ ಏಳ್ತಾರ. ಅಲ್ಲೆ ಫಲಕ ಇಲ್ಲ, ಟಿಕೆಟ್ ಇಲ್ಲ. ಗೌಳ್ಯಾರ ಎಮ್ಮಿ ನೀರಿಗೆ ಇಳಿತಾವ, ಬೆಳ್ಳಕ್ಕಿ ಅವುಗಳ ಬೆನ್ನ ಮ್ಯಾಲ. ಆ ಕೆರಿ ಮುಚ್ಚಿ ಸೈಟು ಮಾಡಿದ್ರ ಎಷ್ಟು ಹಕ್ಕಿ ಮನಿ ಹೋತು ಅಂತ ಹೇಳಾಕ ಒಂದು ಕಾಗದ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗ.

ಪ್ರಶ್ನೆ: ಆದರೆ ನೀವು ಎಲ್ಲೆಲ್ಲೂ ಇದ್ದೀರಿ. ನಿಮ್ಮನ್ನು ಎಣಿಸುವ ಅಗತ್ಯವೇನು?

ನೀರುಕಾಗೆ: (ರೆಕ್ಕೆ ಮಡಚಿ) ಈ ಮಾತು ಹದ್ದಿನ ವಂಶದ ರಣಹದ್ದಿಗೂ ಅಂದಿದ್ರಿ. 1980ರ ಸುಮಾರಿಗೆ ಸತ್ತ ದನ ಎಲ್ಲಿ ಬಿತ್ತೋ ಅಲ್ಲೆ ನೂರಾರು ಇಳೀತಿದ್ವು. ಯಾರು ಎಣಸ್ತಾರ? ಆದ್ರ ಭರತಪುರದ ಪಕ್ಷಿಧಾಮದಾಗ ವಿಭು ಪ್ರಕಾಶ್ ಅನ್ನೋ ಹಕ್ಕಿ ತಜ್ಞರು ಎಣಿಸಿ ಇಟ್ಟಿದ್ರು. 1990ರ ದಶಕದ ಕೊನೀಗೆ ಮತ್ತ ಎಣಿಸಿದ್ರ ಭಾಳಷ್ಟು ಗೂಡು ಖಾಲಿ. ಹಳೇ ಲೆಕ್ಕ ಇತ್ತಂತ ಕುಸಿತ ಗೊತ್ತಾತು. ದನಕ್ಕ ಕೊಡೋ ಡೈಕ್ಲೊಫೆನಾಕ್ ನೋವಿನ ಔಷಧ ಕಾರಣ ಅಂತ 2004ರಾಗ ತಿಳೀತು, 2006ರಾಗ ದನಕ್ಕ ಅದನ್ನ ಕೊಡೂದಕ್ಕ ನಿಷೇಧ ಬಂತು. ಅಷ್ಟರೊಳಗ ಬಿಳಿಬೆನ್ನಿನ ರಣಹದ್ದು ನೂರಕ್ಕ ತೊಂಬತ್ತೊಂಬತ್ತು ಪಾಲು ಹೋಗಿತ್ತು. ಬರೀ ಫೋಟೋ ಇದ್ದಿದ್ರ ಏನಾಗ್ತಿತ್ತು? ಇತ್ತು ಅಂತ ಗೊತ್ತಾಗ್ತಿತ್ತು. ಎಷ್ಟಿತ್ತು ಅಂತ ಗೊತ್ತಾಗ್ತಿದ್ದಿಲ್ಲ.

ಪ್ರಶ್ನೆ: ಹಾಗಾದರೆ ಹವ್ಯಾಸಿಗಳೆಲ್ಲ ದಂಡ ಎನ್ನುತ್ತೀರಾ?

ನೀರುಕಾಗೆ: ಹಂಗಂದ್ರ ನಾಲಿಗಿ ಸೇದಿ ಹೋಗ್ತೈತಿ. 2023ರಾಗ 'ಭಾರತದ ಹಕ್ಕಿಗಳ ಸ್ಥಿತಿ' ಅಂತ ವರದಿ ಬಂತು. ಅದರ ಹಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಬರದು ಕೊಟ್ಟ ಪಟ್ಟಿ ಅದಾವ. 942 ಜಾತಿ ತೂಗಿ ನೋಡ್ಯಾರ. ದೀರ್ಘಕಾಲದ ಲೆಕ್ಕ ಹಾಕಾಕ ಬಂದ 338 ಜಾತಿಯೊಳಗ ನೂರಕ್ಕ ಅರವತ್ತು ಇಳದಾವ. ನವಿಲು, ಕೋಗಿಲಿ, ಪಾರಿವಾಳ ಚಲೋ ಅದಾವ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಇಳಿದವರ ಪಟ್ಟಿಯಾಗ ಐತಿ. ವಿದ್ಯುತ್ ತಂತಿ ಮ್ಯಾಲ ಕುಂತಿರೋ ನೀಲಕಂಠನ್ನ ಯಾರು ಲೈಫರ್ ಅಂತಾರ? ಆದ್ರೂ ಅದರ ಇಳಿಕಿ ಕಂಡದ್ದು, ಅದನ್ನೂ ಬಿಡದ ಬರಕೊಂಡ ಮಂದಿ ಇದ್ರಂತ. ಎರಡು ರೂಪಾಯಿ ಪೆನ್ಸಿಲ್ಲಿನ ಕೆಲಸ ಅದು.

ಪ್ರಶ್ನೆ: ಪಟ್ಟಿ ಬರೆಯುವ ರೀತಿ ಹೇಗೆ?

ನೀರುಕಾಗೆ: ಒಂದು ಜಾಗ, ಹದಿನೈದು ನಿಮಿಷ. ಕಂಡದ್ದು, ಕೇಳಿದ್ದು ಎಲ್ಲಾ ಬರಿಯೂದು. ಕಾಗೆ, ಗೊರವಂಕ, ನಾನು, ಯಾರನ್ನೂ ಬಿಡಬಾರದು. 'ಭಾಳ ಇದ್ವು' ಅಂತ ಬರಿಯೂದು ಬ್ಯಾಡ, ಅಂದಾಜು ಆದ್ರೂ ಅಂಕಿ ಹಾಕ್ರಿ. ಈಬರ್ಡ್ ಅನ್ನೋ ಆ್ಯಪಿಗೆ ಕಳಸ್ರಿ. ಗುರುತು ಸಿಗದಿದ್ರ ಊಹಿ ಮಾಡಬ್ಯಾಡ್ರಿ, ಫೋಟೋ ತಗದು ತಿಳಿದವರಿಗೆ ತೋರಸ್ರಿ. ನೋಡ್ರಿ, ನಿಮ್ಮ ಹತ್ತು ಲಕ್ಷದ ಲೆನ್ಸಿಗೂ ಒಂದು ಉದ್ಯೋಗ ಸಿಕ್ಕಿತು.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ಏನು ಹೇಳುತ್ತೀರಿ?

ನೀರುಕಾಗೆ: ಪ್ರತಿ ಫೆಬ್ರುವರಿಯಾಗ ನಾಕು ದಿನ ಹಿತ್ತಲ ಹಕ್ಕಿಗಳ ಎಣಿಕಿ ಜಗತ್ತಿನ ತುಂಬ ನಡೀತೈತಿ, ಭಾರತದವರು 2013ರಿಂದ ಸೇರ್ಯಾರ. ಅವಾಗ ಅತ್ತಿವೇರಿಗೇ ಬರಬೇಕಂತಿಲ್ಲ. ಹಳಿಯಾಳದವರು ಹಳಿಯಾಳದ ಕೆರಿ ದಂಡಿಗೆ ಹೋಗ್ರಿ, ಜೋಯಿಡಾದವರು ಸೂಪಾ ಹಿನ್ನೀರಿಗೆ, ದಾಂಡೇಲಿಯವರು ಕಾಳಿ ಹೊಳಿ ದಂಡಿಗೆ. ಕ್ಯಾಮೆರಾ ಇಲ್ದವರು ಮೊದಲ ಬರ್ರಿ. ಪಟ್ಟಿಯಾಗ ನನ್ನ ಹೆಸರು ಬರದು, ಅದರ ಮುಂದ ಅಂಕಿ ಹಾಕೂದು ಮರೀಬ್ಯಾಡ್ರಿ.