ಪಠ್ಯ ಸಂಪಾದಕರ ಶ್ರಾದ್ಧ ಪಂಚಾಂಗ

ಕಾವ್ಯದ ಆತ್ಮ ರಸವೋ ಧ್ವನಿಯೋ ಎಂದು ಆಲಂಕಾರಿಕರು ಶತಮಾನಗಟ್ಟಲೆ ಕಾದಾಡಿದರು. ಒಬ್ಬ ಪಠ್ಯ ಸಂಪಾದಕನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ: ಕವಿಯ ಮರಣವೇ ಕಾವ್ಯದ ಆತ್ಮ. ಬರೀ ಸತ್ತರೆ ಸಾಲದು, ಸತ್ತ ವರ್ಷ ಕಳೆದು 60 ಸಂವತ್ಸರ ತುಂಬಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಮೊದಲು ಇದ್ದದ್ದು 50. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಹಕ್ಕಿನ ಅವಧಿ ಮುಗಿಯುವ ಹೊತ್ತಿಗೆ ಸಂಸತ್ತು ಹತ್ತು ಕೂಡಿಸಿ, ಪ್ರಭವದಿಂದ ಅಕ್ಷಯದವರೆಗಿನ ಚಕ್ರವನ್ನು ಪೂರ್ಣಗೊಳಿಸಿತು. ಇದರ ಹಿಂದೆ ಯಾವ ಜೋಯಿಸರ ಕೈವಾಡವಿತ್ತೆಂಬುದು ಸಂಶೋಧನಾರ್ಹ.

ಈ ಲಕ್ಷಣದ ಪ್ರಕಾರ ಕವಿಗಳು ಎರಡು ಬಗೆ: ಮುಕ್ತರು, ಬದ್ಧರು. 1901ರಲ್ಲಿ ಹೋದ ಮುದ್ದಣ, 1946ರಲ್ಲಿ ಹೋದ ಬಿ.ಎಂ.ಶ್ರೀ ಮುಕ್ತರು. ಬೇಂದ್ರೆ 2041 ಮುಗಿಯುವತನಕ ಬದ್ಧರು. ಕುವೆಂಪು 2054ರತನಕ, ಆಗ ಸಂಪಾದಕನ ಶ್ರಾದ್ಧವೂ ಆಗಿರುತ್ತದೆ.

ಬದ್ಧರನ್ನು ಅನುಮತಿಯಿಲ್ಲದೆ ಮುಟ್ಟಲು 52ನೇ ಕಲಮು ಒಂದು ಕಿಂಡಿ ಬಿಟ್ಟಿದೆ. ಸಂಕಲನದ ಬಹುಪಾಲು ಮುಕ್ತರದ್ದೇ ಆಗಿರಬೇಕು. ಒಬ್ಬ ಜೀವಂತ ಕವಿಯನ್ನು ಸೇರಿಸಲು ಸುತ್ತ ಸತ್ತವರ ಪಂಕ್ತಿ ಹಾಕಬೇಕು. ಒಬ್ಬ ಪ್ರಕಾಶಕ ಒಬ್ಬ ಲೇಖಕನಿಂದ ಐದು ವರ್ಷದಲ್ಲಿ ಎರಡೇ ತುಣುಕು ಎತ್ತಬಹುದು. ಎತ್ತಿದ ಕೃತಿ ಪಾಠಕ್ಕೆಂದೇ ಬರೆದದ್ದಾಗಿರಬಾರದು (ಗೈಡು ಬರೆಯುವವರು ಈ ವಾಕ್ಯವನ್ನು ಓದದೆ ಮುಂದೆ ಹೋಗುವುದು ವಾಡಿಕೆ). ಜೊತೆಗೆ ತುಣುಕು ‘ಸಣ್ಣ’ದಾಗಿರಬೇಕು. ಎಷ್ಟು ಸಣ್ಣ? ಕಾಯ್ದೆ ಮೌನ. ಬಲಿಯೂ ಮೂರು ಹೆಜ್ಜೆ ಸಣ್ಣದೆಂದೇ ನಂಬಿದ್ದ.

ಮೇಷ್ಟರಿಗೆ ಈ ಕಟ್ಟಳೆ ಯಾವುದೂ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶನಗಳು ಹೂಡಿದ ದಾವೆಯಲ್ಲಿ, ಪಾಠಕ್ಕೆ ಬೇಕಾದಷ್ಟು ನಕಲು ತೆಗೆಯಬಹುದೆಂದು ಹೈಕೋರ್ಟು 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಅಂದಮೇಲೆ ಅದೇ ಪದ್ಯ ತರಗತಿಯ ಜೆರಾಕ್ಸಿನಲ್ಲಿ ಮಡಿ, ಸಂಕಲನದಲ್ಲಿ ಮೈಲಿಗೆ. ದೋಷವಿರುವುದು ಪದ್ಯದಲ್ಲಲ್ಲ, ರಕ್ಷಾಪುಟದ ಮೇಲಿನ ಸಂಪಾದಕನ ಹೆಸರಿನಲ್ಲಿ.

ಪೂರ್ವಪಕ್ಷದವರು ಕೇಳಬಹುದು: ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ‘ಕವಿರಾಜಮಾರ್ಗ’ವೂ ಕವಿಗಳಿಗೆ ಬರೆದ ಪಠ್ಯಪುಸ್ತಕವೇ, ಅದು ದಂಡಿಯ ‘ಕಾವ್ಯಾದರ್ಶ’ದಿಂದ ಎತ್ತಿದ್ದು ಎರಡೇ ತುಣುಕೇ? ಉತ್ತರ ಸುಲಭ. ಗ್ರಂಥ ಸಿದ್ಧವಾದ 9ನೇ ಶತಮಾನದ ಹೊತ್ತಿಗೆ ದಂಡಿ ಹೋಗಿ ಒಂದು ಸಂವತ್ಸರ ಚಕ್ರವಾದರೂ ಉರುಳಿತ್ತು. ಅದನ್ನು ರಚಿಸಿದ ಶ್ರೀವಿಜಯ ಪಂಚಾಂಗ ನೋಡಿಯೇ ಕೈ ಹಾಕಿದ್ದು.